ಬೆಂಗಳೂರಿನ ಗಡಸು ನೀರು, ಮನೆಯ ಈಜುಕೊಳ

ನಿಮ್ಮ ಪೂಲಿನ ಅಂಚಿನ ಟೈಲ್ಸ್ ಮೇಲೆ, ನೀರು ತಾಗುವ ಮಟ್ಟದಲ್ಲಿ, ಬೆರಳಗಲದ ಬಿಳಿ ಪಟ್ಟಿ ಕೂತಿದೆಯೇ ನೋಡಿ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ ಉದುರುತ್ತದೆ. ಅದರ ಮೇಲೆ ಎರಡು ಹನಿ ವಿನೆಗರ್ ಬಿಡಿ. ಸಣ್ಣಗೆ ನೊರೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಗೀಸರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯೂ ಇದೇ. ಕಣ್ಣಿಗೆ ಕಾಣುವುದು ಈ ಪಟ್ಟಿ ಮಾತ್ರ. ಪಂಪಿನಾಚೆ ಪೈಪಿನೊಳಗೆ, ಫಿಲ್ಟರಿನ ಮರಳಿನಲ್ಲಿ, ಹೀಟರ್ ಇದ್ದರೆ ಅದರ ಕೊಳವೆಗಳಲ್ಲಿ ಇದೇ ಸುಣ್ಣ ಸದ್ದಿಲ್ಲದೆ ಕಟ್ಟುತ್ತಿರುತ್ತದೆ.

ನೀರು ಮಂಕಾಯಿತು, ಮಕ್ಕಳ ಕಣ್ಣು ಕೆಂಪಾಯಿತು ಎಂದ ಕೂಡಲೇ ಎಲ್ಲರ ಕೈ ಹೋಗುವುದು ಕ್ಲೋರಿನ್ ಡಬ್ಬಕ್ಕೆ. ಆದರೆ ಇಲ್ಲಿನ ಮನೆಗಳ ಪೂಲಿನಲ್ಲಿ ಮೊದಲ ತೊಂದರೆ ಕ್ಲೋರಿನ್ ಕಮ್ಮಿಯಾಗಿರುವುದಲ್ಲ. ತುಂಬಿಸಿದ ನೀರಿನಲ್ಲಿ ಏನಿದೆ ಎಂದು ಯಾರೂ ಅಳೆದಿರುವುದಿಲ್ಲ, ಅದೇ ಮೂಲ. ಅಳೆಯದೆ ಹಾಕುವ ಪ್ರತಿ ಚಮಚವೂ ಮುಂದಿನ ತಿಂಗಳ ತೊಂದರೆಯನ್ನು ಇಂದೇ ಬಿತ್ತಿದ ಹಾಗೆ.

ಕಾವೇರಿ ನೀರು ಅಷ್ಟೇನೂ ಗಡಸಲ್ಲ, ನಿಜ. ಆದರೆ ಈ ಊರಿನಲ್ಲಿ ಅದು ಕುಡಿಯುವುದಕ್ಕೇ ಸಾಲದು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಿಯಾದಾಗ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಜಲಮಂಡಳಿ ಆದೇಶಿಸಿ, 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿತ್ತು. ಹಾಗಾಗಿ ಪೂಲಿಗೆ ಉಳಿಯುವುದು ಬೋರ್‌ವೆಲ್ ಅಥವಾ ಟ್ಯಾಂಕರ್. ಟ್ಯಾಂಕರ್ ನೀರೂ ಯಾವುದೋ ಬೋರ್‌ವೆಲ್ಲಿನದೇ. ಗ್ರಾನೈಟ್, ನೈಸ್ ಬಂಡೆಗಳ ಬಿರುಕಿನಲ್ಲಿ ವರ್ಷಗಟ್ಟಲೆ ಕೂತು ಮೇಲೆ ಬಂದ ನೀರದು. ಗಡಸುತನ 400, 600 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನಂಥ ಕ್ಷಾರದ ಅಳತೆ, 300 ದಾಟುವುದು ಇಲ್ಲಿ ಅಪರೂಪವೇನಲ್ಲ. ಒಂದು ಟ್ಯಾಂಕರಿಗೂ ಇನ್ನೊಂದಕ್ಕೂ ಹೋಲಿಕೆ ಇರಬೇಕೆಂದೇನೂ ಇಲ್ಲ. ಆದ್ದರಿಂದ ಮೊದಲ ಪರೀಕ್ಷೆ ಪೂಲಿನ ನೀರಿಗಲ್ಲ, ಸಂಪ್ ತೊಟ್ಟಿಗೆ ಬೀಳುತ್ತಿರುವ ನೀರಿಗೆ.

ಆರ್‌ಒ ಮಾರುವವರು ಬಿಟ್ಟುಹೋದ ಟಿಡಿಎಸ್ ಪೆನ್ನು ಈ ಕೆಲಸಕ್ಕೆ ಬರುವುದಿಲ್ಲ. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನು ಹೇಳುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಬೈಕಾರ್ಬೊನೇಟ್ ಎಷ್ಟು, ಉಪ್ಪು ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ನಮಗೆ ಬೇಕಿರುವುದು ಆ ಬಿಡಿ ಲೆಕ್ಕ.

ಮೊದಲು ಪೂಲಿನ ಲೀಟರ್ ಲೆಕ್ಕ

ಉದ್ದ, ಅಗಲ, ಸರಾಸರಿ ಆಳ, ಮೂರನ್ನೂ ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ ಒಂದೂವರೆ ಮೀಟರ್ ಆಳವಿದ್ದರೆ ಸರಾಸರಿ 1.25 ಮೀಟರ್. ಒಟ್ಟು 40,000 ಲೀಟರ್. ಕೆಳಗಿನ ಲೆಕ್ಕವೆಲ್ಲ ಈ ಪೂಲಿನದೇ. ನಿಮ್ಮದು 20,000 ಲೀಟರ್ ಆದರೆ ಅರ್ಧ ಮಾಡಿಕೊಳ್ಳಿ. ಒಂದು ಪಿಪಿಎಂ ಎಂದರೆ 1,000 ಲೀಟರಿಗೆ 1 ಗ್ರಾಂ. ಅಂದರೆ ಈ ಪೂಲಿನಲ್ಲಿ ಒಂದು ಪಿಪಿಎಂ ಕ್ಲೋರಿನ್ ಏರಿಸಲು 40 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಈ ಒಂದು ಸಾಲು ನೆನಪಿದ್ದರೆ ಉಳಿದದ್ದು ಅಂಗಡಿ ಲೆಕ್ಕದಷ್ಟೇ ಸುಲಭ.

ಅಳೆಯುವ ಬಗೆ

ಮೇಲಿನ ನೀರನ್ನು ಮೊಗೆದು ಅಳೆಯಬೇಡಿ. ಬಾಟಲಿಯನ್ನು ಪೂಲಿನ ನೀರಿನಲ್ಲೇ ಮೂರು ಸಲ ತೊಳೆದು, ಬೋರಲು ಹಿಡಿದು, ಮೊಣಕೈವರೆಗೆ ಮುಳುಗಿಸಿ, ಅಲ್ಲಿ ತಿರುಗಿಸಿ ತುಂಬಿಸಿ. ಫಿಲ್ಟರಿನಿಂದ ನೀರು ವಾಪಸ್ ಬರುವ ನಳಿಕೆಯ ಹತ್ತಿರ ಬೇಡ. ತೆಗೆದ ನೀರನ್ನು ಕೂಡಲೇ ಅಳೆಯಿರಿ. ಬಿಸಿಲಲ್ಲಿ ಹತ್ತು ನಿಮಿಷ ಇಟ್ಟರೂ ಕ್ಲೋರಿನ್ ಇಳಿದಿರುತ್ತದೆ.

ಎರಡು ಪುಟ್ಟ ಸೀಸೆಗಳ ಅಗ್ಗದ ಕಿಟ್ಟಿನಲ್ಲಿ ನೀರು ಹಳದಿಯಾಗುತ್ತದಲ್ಲ, ಅದು ಓಟಿಒ ಪರೀಕ್ಷೆ. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ, ಕೆಲಸ ಮಾಡುವ ಫ್ರೀ ಕ್ಲೋರಿನ್ನನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಡಿಪಿಡಿ ಕಿಟ್ಟೇ ಕೊಳ್ಳಿ. 10 ಮಿ.ಲೀ. ನೀರಿಗೆ ಡಿಪಿಡಿ 1ನೇ ನಂಬರ್ ಮಾತ್ರೆ ಹಾಕಿ, ಬೆರಳು ತಾಗಿಸದೆ ಕಡ್ಡಿಯಿಂದ ಪುಡಿಮಾಡಿ, ಗುಲಾಬಿ ಬಣ್ಣವನ್ನು ಒಂದು ನಿಮಿಷದೊಳಗೆ ಓದಿ. ಅದು ಫ್ರೀ ಕ್ಲೋರಿನ್. ಅದೇ ನೀರಿಗೆ 3ನೇ ನಂಬರ್ ಮಾತ್ರೆ ಹಾಕಿ ಎರಡು ನಿಮಿಷ ಕಾದರೆ ಒಟ್ಟು ಕ್ಲೋರಿನ್. ಎರಡರ ವ್ಯತ್ಯಾಸವೇ ಬೆವರು, ಮೂತ್ರದ ಅಮೋನಿಯಾ ಜೊತೆ ಸೇರಿಕೊಂಡು ಸತ್ವ ಕಳೆದುಕೊಂಡ ಕ್ಲೋರಿನ್. ಇದು 0.5 ದಾಟಬಾರದು. ಕಣ್ಣು ಉರಿಸುವುದು, ದೂರಕ್ಕೇ ಘಾಟು ಹೊಡೆಯುವುದು ಇದೇ. ಘಾಟು ಬಂದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದು ನಾಲ್ಕು ದಿನ ನಿಲ್ಲಿಸಿಬಿಡುವವರಿದ್ದಾರೆ. ಆಗಬೇಕಾದ್ದು ಅದಕ್ಕೆ ಪೂರಾ ಉಲ್ಟಾ. 3ನೇ ಮಾತ್ರೆ ಹಾಕಿದ ಗಾಜನ್ನು ಚೆನ್ನಾಗಿ ತೊಳೆದಿಡಿ, ಅದರ ಪಸೆ ಉಳಿದರೂ ನಾಳಿನ ಓದು ಕೆಡುತ್ತದೆ.

ಇಲ್ಲೊಂದು ಮೋಸವಿದೆ. ಮಾತ್ರೆ ಬಿದ್ದ ಕ್ಷಣ ನೀರು ಗಾಢ ಗುಲಾಬಿಯಾಗಿ, ನೋಡುತ್ತಿದ್ದ ಹಾಗೆಯೇ ಬಣ್ಣ ಕಳೆದು ತಿಳಿಯಾಗಿಬಿಟ್ಟರೆ ಕ್ಲೋರಿನ್ ಇಲ್ಲ ಎಂದಲ್ಲ. 10 ಪಿಪಿಎಂಗಿಂತ ಹೆಚ್ಚಿದೆ, ಅದೇ ಬಣ್ಣವನ್ನು ಸುಟ್ಟಿದೆ. ಸೊನ್ನೆ ಎಂದುಕೊಂಡು ಇನ್ನಷ್ಟು ಸುರಿದರೆ ಅನಾಹುತ. ಒಂದು ಪಾಲು ಪೂಲಿನ ನೀರಿಗೆ ನಾಲ್ಕು ಪಾಲು ಆರ್‌ಒ ನೀರು ಬೆರೆಸಿ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ. ಕ್ಲೋರಿನ್ 10 ದಾಟಿದಾಗ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಮಟ್ಟ, ನೋಡುವ ಫಿನಾಲ್ ರೆಡ್ ದ್ರಾವಣ ಕೂಡ ತಪ್ಪು ಹೇಳುತ್ತದೆ, ನೇರಳೆಗೆ ತಿರುಗುತ್ತದೆ. ಆ ಹೊತ್ತಿನ ಪಿಎಚ್ ಓದನ್ನು ನಂಬಿ ಆ್ಯಸಿಡ್ ಹಾಕಬೇಡಿ.

ಆಲ್ಕಲಿನಿಟಿ ಪರೀಕ್ಷೆಯಲ್ಲಿ ಹನಿ ಎಣಿಸಬೇಕು. ಹಸಿರು ನೀರು ಕೆಂಪಾಗುವವರೆಗೆ ಎಣಿಸಿ, ಮುಂದಿನ ಒಂದು ಹನಿಗೆ ಬಣ್ಣ ಇನ್ನೂ ಗಾಢವಾಗದಿದ್ದರೆ ಅದನ್ನು ಲೆಕ್ಕದಿಂದ ಬಿಡಿ. ಗಡಸುತನದಲ್ಲಿ ಕೆಂಪು ನೀಲಿಯಾಗಬೇಕು. ನೀಲಿಯಾಗದೆ ನೇರಳೆಯಲ್ಲೇ ತಡವರಿಸಿದರೆ ನೀರಿನಲ್ಲಿ ತಾಮ್ರವೋ ಕಬ್ಬಿಣವೋ ಇದೆ. ಆಗ ಎಣಿಸುವ ಹನಿಯ ದ್ರಾವಣ, ಅಂದರೆ ಟೈಟ್ರೆಂಟ್‌ನ ಐದಾರು ಹನಿಗಳನ್ನು ಮೊದಲೇ ಹಾಕಿ, ಆಮೇಲೆ ಉಳಿದ ರಾಸಾಯನಿಕ ಸೇರಿಸಿ, ಆ ಹನಿಗಳನ್ನೂ ಎಣಿಕೆಗೆ ಕೂಡಿಸಿ. ಸ್ಟೆಬಿಲೈಜರ್, ಅಂದರೆ ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುವ ಸಯನ್ಯೂರಿಕ್ ಆ್ಯಸಿಡ್ ನೋಡುವುದು ನೀರು ಎಷ್ಟು ಕದಡುತ್ತದೆ ಎಂಬುದರಿಂದ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಕೊಳವೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು, ತಳದ ಕಪ್ಪು ಚುಕ್ಕೆ ಮರೆಯಾಗುವ ಮಟ್ಟ ಓದಬೇಕು. ಟ್ಯೂಬ್‌ಲೈಟ್ ಕೆಳಗೆ ಮಾಡಿದರೆ ಸರಿಯಾಗದು.

ಬಣ್ಣದ ಪಟ್ಟಿಗಳು, ಅಂದರೆ ಸ್ಟ್ರಿಪ್‌ಗಳು, ದಿನನಿತ್ಯದ ಕಣ್ಣೋಟಕ್ಕೆ ಆದಾವು. ಅವುಗಳ ಮೇಲೆ ಲೀಟರುಗಟ್ಟಲೆ ಆ್ಯಸಿಡ್ ಲೆಕ್ಕ ಹಾಕಬಾರದು. ಪಿಎಚ್ ಪೆನ್ನಿದ್ದರೆ 7 ಮತ್ತು 10ರ ಬಫರ್ ದ್ರಾವಣದಲ್ಲಿ ತಿಂಗಳಿಗೊಮ್ಮೆಯಾದರೂ ಸರಿಪಡಿಸಿ. ಈಜುವ ದಿನಗಳಲ್ಲಿ ಕ್ಲೋರಿನ್, ಪಿಎಚ್ ದಿನವೂ, ಆಲ್ಕಲಿನಿಟಿ ವಾರಕ್ಕೊಮ್ಮೆ, ಗಡಸುತನ ಮತ್ತು ಸ್ಟೆಬಿಲೈಜರ್ ತಿಂಗಳಿಗೊಮ್ಮೆ ನೋಡಿದರೆ ಸಾಕು.

ಆಲ್ಕಲಿನಿಟಿ: ಇಲ್ಲಿನ ನಿಜವಾದ ಗಂಟು

ಪುಸ್ತಕದಲ್ಲಿ ಆಲ್ಕಲಿನಿಟಿ 80ರಿಂದ 120, ಗಡಸುತನ 200ರಿಂದ 400 ಎಂದಿರುತ್ತದೆ. ಗಡಸುತನ 500 ಇರುವ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಅನ್ನು ಮನೆಯಲ್ಲಿ ಹೊರತೆಗೆಯುವ ಸುಲಭದ ದಾರಿ ಇಲ್ಲ. ಆದರೆ ಸುಣ್ಣ ಕಟ್ಟಲು ಕ್ಯಾಲ್ಸಿಯಂ ಒಂದೇ ಸಾಲದು, ಕಾರ್ಬೊನೇಟೂ ಬೇಕು. ಅದು ಬರುವುದು ಆಲ್ಕಲಿನಿಟಿಯಿಂದ. ಅದನ್ನು ಇಳಿಸುವುದು ನಮ್ಮ ಕೈಯಲ್ಲಿದೆ.

ಲ್ಯಾಂಜಲಿಯರ್ ಸೂಚ್ಯಂಕ ಎಂಬ ಹಳೆಯ ಲೆಕ್ಕ ಇದನ್ನು ಸ್ಪಷ್ಟ ತೋರಿಸುತ್ತದೆ. ಪಿಎಚ್‌ಗೆ ತಾಪಮಾನ, ಗಡಸುತನ, ಆಲ್ಕಲಿನಿಟಿಗಳ ಅಂಕಗಳನ್ನು ಕೂಡಿಸಿ 12.1 ಕಳೆಯಬೇಕು. ಉತ್ತರ ಮೈನಸ್ 0.3ರಿಂದ ಪ್ಲಸ್ 0.3ರ ಒಳಗಿದ್ದರೆ ನೀರು ಹದವಾಗಿದೆ. ಮೇಲೆ ಹೋದರೆ ಸುಣ್ಣ ಕಟ್ಟುತ್ತದೆ, ಕೆಳಗೆ ಹೋದರೆ ಗಾರೆ, ಟೈಲ್ಸ್ ಸಂದು, ಲೋಹ ತಿನ್ನುತ್ತದೆ. 28 ಡಿಗ್ರಿಯ ನೀರಿಗೆ ಅಂಕ 0.7, ಗಡಸುತನ 500ಕ್ಕೆ 2.3. ಪಿಎಚ್ 7.5, ಆಲ್ಕಲಿನಿಟಿ 250 ಇದ್ದರೆ ಅದಕ್ಕೆ 2.4. ಒಟ್ಟು 12.9, ಉತ್ತರ ಪ್ಲಸ್ 0.8. ಇದೇ ಟೈಲ್ಸ್ ಮೇಲಿನ ಬಿಳಿ ಪಟ್ಟಿ. ಅದೇ ನೀರಿನಲ್ಲಿ ಆಲ್ಕಲಿನಿಟಿ ಮಾತ್ರ 80ಕ್ಕೆ ಇಳಿಸಿದರೆ ಅಂಕ 1.9, ಉತ್ತರ ಪ್ಲಸ್ 0.3. ಕ್ಯಾಲ್ಸಿಯಂ ಒಂದು ಚೂರೂ ಕಮ್ಮಿಯಾಗಿಲ್ಲ, ಆದರೂ ನೀರು ಹದಕ್ಕೆ ಬಂತು. ಹಾಗಾಗಿ ಗಡಸು ನೀರಿನವರು ಆಲ್ಕಲಿನಿಟಿಯನ್ನು 70, 80ರ ಆಸುಪಾಸಿನಲ್ಲಿ, ಪಿಎಚ್ ಅನ್ನು 7.3ರಿಂದ 7.6ರಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಆಲ್ಕಲಿನಿಟಿ ಹೆಚ್ಚಿದ್ದರೆ ಇನ್ನೊಂದು ಕಾಟವಿದೆ. ಎಷ್ಟೇ ಆ್ಯಸಿಡ್ ಹಾಕಿದರೂ ಎರಡೇ ದಿನಕ್ಕೆ ಪಿಎಚ್ 8ಕ್ಕೆ ಏರುತ್ತದೆ. ಗೋಲಿ ಸೋಡಾ ಬಾಯಿ ತೆರೆದ ಮೇಲೆ ಗ್ಯಾಸ್ ಹೋಗುತ್ತದಲ್ಲ, ಹಾಗೆಯೇ ಪೂಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಹೋದಷ್ಟೂ ಪಿಎಚ್ ಏರುತ್ತದೆ. ಕಾರಂಜಿ, ಜಲಪಾತದ ಗೋಡೆ ಇದ್ದರೆ ಇನ್ನೂ ಬೇಗ. ಇದೇ ಗುಣವನ್ನು ನಾವು ಬಳಸಿಕೊಳ್ಳಬಹುದು.

ಕೆಲಸ ಹೀಗೆ. ಆ್ಯಸಿಡ್ ಹಾಕಿ ಪಿಎಚ್ ಅನ್ನು 7.1ರ ಹತ್ತಿರ ಇಳಿಸಿ. ಆಗ ಪಿಎಚ್ ಜೊತೆ ಆಲ್ಕಲಿನಿಟಿಯೂ ಇಳಿಯುತ್ತದೆ. ಆಮೇಲೆ ರಿಟರ್ನ್ ನಳಿಕೆಗಳನ್ನು ಮೇಲ್ಮುಖ ಮಾಡಿ, ಕಾರಂಜಿ ಹಾಕಿ, ನೀರು ಚೆನ್ನಾಗಿ ಗಾಳಿಗೆ ಒಡ್ಡಿಕೊಳ್ಳಲಿ. ಪಿಎಚ್ ಮಾತ್ರ ಮೇಲೇರುತ್ತದೆ, ಆಲ್ಕಲಿನಿಟಿ ಇಳಿದಲ್ಲೇ ನಿಲ್ಲುತ್ತದೆ. ಪಿಎಚ್ 7.6 ದಾಟಿದ ಮೇಲೆ ಮತ್ತೆ ಆ್ಯಸಿಡ್. 33 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆ್ಯಸಿಡ್ ಸುಮಾರು 760 ಮಿ.ಲೀ. ಹಾಕಿದರೆ 40,000 ಲೀಟರಿನಲ್ಲಿ ಆಲ್ಕಲಿನಿಟಿ 10 ಪಿಪಿಎಂ ಇಳಿಯುತ್ತದೆ. 300ರಿಂದ 80ಕ್ಕೆ ತರಲು ಒಟ್ಟು 16, 17 ಲೀಟರ್ ಬೇಕು. ಗಾಬರಿಯಾಗುವ ಲೆಕ್ಕವೇ, ಆದರೆ ಒಂದೇ ದಿನದ್ದಲ್ಲ, ವಾರ ಎರಡು ವಾರದ ಕೆಲಸ. ಮೊದಲ ಸುತ್ತಿಗೆ ಸುಮಾರು 3 ಲೀಟರ್ ಹಿಡಿದೀತು, ಆಲ್ಕಲಿನಿಟಿ ಇಳಿದ ಹಾಗೆ ಸುತ್ತಿಗೆ 1 ಲೀಟರ್ ಸಾಕಾಗುತ್ತದೆ. ಒಂದು ಸಲಕ್ಕೆ 1 ಲೀಟರಿಗಿಂತ ಹೆಚ್ಚು ಹಾಕಬೇಡಿ. ಪಂಪ್ ಒಂದು ಗಂಟೆ ಓಡಲಿ, ಅಳೆಯಿರಿ, ಆಮೇಲೆ ಮುಂದಿನದು. ಪಿಎಚ್ 7ಕ್ಕಿಂತ ಕೆಳಗೆ ಬಿಡಬೇಡಿ. ಈ ದಿನಗಳಲ್ಲಿ ಪೂಲಿಗೆ ಯಾರೂ ಇಳಿಯುವುದು ಬೇಡ.

ಪಂಪ್ ನಿಲ್ಲಿಸಿ ಒಂದೇ ಕಡೆ ಆ್ಯಸಿಡ್ ಸುರಿದರೆ ಆಲ್ಕಲಿನಿಟಿ ಹೆಚ್ಚು ಇಳಿಯುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಅದು ಸುಳ್ಳು. ಆ್ಯಸಿಡ್ ನೀರಿಗಿಂತ ಭಾರ. ತಳಕ್ಕೆ ಇಳಿದು ಪ್ಲಾಸ್ಟರ್ ತಿನ್ನುತ್ತದೆ, ಅಷ್ಟೇ.

ಅಂಗಡಿಯಲ್ಲಿ ಕೊಡುವ ಆ್ಯಸಿಡ್ಡಿನ ಬಣ್ಣ ನೋಡಿ. ಹಳದಿಯಾಗಿದ್ದರೆ ಅದರಲ್ಲಿ ಕಬ್ಬಿಣ ಇರುವ ಸಂಭವ ಹೆಚ್ಚು, ಕಲೆ ಕಟ್ಟೀತು. ಬಚ್ಚಲು ತೊಳೆಯುವ ಸಡಿಲ ಆ್ಯಸಿಡ್ ಬೇಡವೇ ಬೇಡ, ಅದರ ಸಾಂದ್ರತೆ ಗೊತ್ತಿಲ್ಲದೆ ಮೇಲಿನ ಲೆಕ್ಕ ನಡೆಯುವುದಿಲ್ಲ.

ಆಲ್ಕಲಿನಿಟಿ ಅಗತ್ಯಕ್ಕಿಂತ ಇಳಿದುಬಿಟ್ಟರೆ ಅಡುಗೆ ಸೋಡಾ 670 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ಇಲ್ಲಿ ಅದು ಬೇಕಾಗುವುದು ಕಡಿಮೆ.

ಯಾವ ಕ್ಲೋರಿನ್?

ಸ್ಟೆಬಿಲೈಜರ್ ಇಲ್ಲದ ನೀರಿನಲ್ಲಿ ನಮ್ಮ ಬೇಸಿಗೆಯ ನಡುಹಗಲ ಬಿಸಿಲು ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ತಿಂದುಹಾಕುತ್ತದೆ. ಅದಕ್ಕೇ 30ರಿಂದ 40 ಪಿಪಿಎಂ ಸಯನ್ಯೂರಿಕ್ ಆ್ಯಸಿಡ್ ಬೇಕು. ಅದು ಕ್ಲೋರಿನ್ನಿಗೆ ಕೊಡೆ ಹಿಡಿದ ಹಾಗೆ. ಆದರೆ ಕೊಡೆ ದೊಡ್ಡದಾದಷ್ಟೂ ಕ್ಲೋರಿನ್ ಮಂದವಾಗುತ್ತದೆ. ಫ್ರೀ ಕ್ಲೋರಿನ್ ಸ್ಟೆಬಿಲೈಜರಿನ 7.5 ಪರ್ಸೆಂಟಿನಷ್ಟಾದರೂ ಇರಬೇಕು. 40ಕ್ಕೆ 3 ಪಿಪಿಎಂ. 120ಕ್ಕೆ 9.

200 ಗ್ರಾಂನ ಬಿಳಿ ಬಿಲ್ಲೆಗಳು, ತೇಲುವ ಡಬ್ಬದಲ್ಲಿ ಇಟ್ಟುಬಿಡುತ್ತಾರಲ್ಲ, ಅವು ಟ್ರೈಕ್ಲೋರ್. ಅನುಕೂಲವೇನೋ ಹೌದು. ಆದರೆ ಟ್ರೈಕ್ಲೋರ್‌ನಿಂದ ಬರುವ ಪ್ರತಿ 1 ಪಿಪಿಎಂ ಕ್ಲೋರಿನ್ ಜೊತೆ 0.6 ಪಿಪಿಎಂ ಸಯನ್ಯೂರಿಕ್ ಆ್ಯಸಿಡ್ ಸೇರಿಕೊಳ್ಳುತ್ತದೆ. ಪೂಲಿಗೆ ದಿನಕ್ಕೆ 2 ಪಿಪಿಎಂ ಬೇಕೆಂದರೆ ತಿಂಗಳಿಗೆ 60 ಪಿಪಿಎಂ ಕ್ಲೋರಿನ್, ಜೊತೆಗೆ 36 ಪಿಪಿಎಂ ಸ್ಟೆಬಿಲೈಜರ್. ಮೂರು ತಿಂಗಳಿಗೆ 100 ದಾಟಿತು. ಕ್ಲೋರಿನ್ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ, ಉಳಿದುಬಿಡುತ್ತದೆ. ಕಿಟ್ಟಿನಲ್ಲಿ ಕ್ಲೋರಿನ್ 3 ಎಂದು ಸರಿಯಾಗಿ ತೋರಿಸುತ್ತಿರುತ್ತದೆ, ಆದರೂ ಗೋಡೆ ಜಾರುತ್ತದೆ, ನೀರು ಹಸಿರಾಗುತ್ತದೆ. ‘ಎಲ್ಲ ಸರಿ ಇದೆ, ಆದರೂ ಪಾಚಿ’ ಎನ್ನುವ ಪೂಲುಗಳಲ್ಲಿ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಕ್ಯಾಲ್ಸಿಯಂ ಹೈಪೋಕ್ಲೋರೈಟ್, 65 ಪರ್ಸೆಂಟಿನ ಹರಳು, 62 ಗ್ರಾಂ ಹಾಕಿದರೆ ನಮ್ಮ ಪೂಲಿನಲ್ಲಿ 1 ಪಿಪಿಎಂ. ಇದು ಸ್ಟೆಬಿಲೈಜರ್ ಸೇರಿಸುವುದಿಲ್ಲ, ಕ್ಯಾಲ್ಸಿಯಂ ಸೇರಿಸುತ್ತದೆ: 1 ಪಿಪಿಎಂಗೆ ಗಡಸುತನ 0.7 ಏರಿಕೆ, ಅದೇ ಲೆಕ್ಕದಲ್ಲಿ ತಿಂಗಳಿಗೆ 42. ಮೊದಲೇ 500 ಇರುವ ನೀರಿಗೆ ಇದು ಬೇಕಿಲ್ಲದ ಹೊರೆ. ಹಾಗಾಗಿ ಬೋರ್ ನೀರಿನ ಪೂಲಿಗೆ ನನ್ನ ಆಯ್ಕೆ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್. ಲೀಟರಿಗೆ 100 ಗ್ರಾಂ ಕ್ಲೋರಿನ್ ಇರುವ ಹೊಸ ಕ್ಯಾನಾದರೆ 400 ಮಿ.ಲೀ.ಗೆ 1 ಪಿಪಿಎಂ. ಇದರಿಂದ ಉಳಿಯುವುದು ಸ್ವಲ್ಪ ಉಪ್ಪು ಮಾತ್ರ. ದೋಷವೇನೆಂದರೆ ಇಟ್ಟಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಎರಡು ಮೂರು ವಾರಕ್ಕೆ ಸಾಲುವಷ್ಟೇ ತನ್ನಿ, ತಯಾರಿಕೆಯ ದಿನಾಂಕ ನೋಡಿ, ನೆರಳಿನಲ್ಲಿಡಿ. ಸಂಜೆ ಬಿಸಿಲು ಇಳಿದ ಮೇಲೆ ರಿಟರ್ನ್ ನಳಿಕೆಯ ಮುಂದೆ ನಿಧಾನವಾಗಿ ಸುರಿಯಿರಿ.

ಬ್ಲೀಚಿಂಗ್ ಪೌಡರ್ ಬಾವಿಗೆ, ಚರಂಡಿಗೆ ಸರಿ. ಅದರಲ್ಲಿ ಕ್ಲೋರಿನ್ ಮೂರನೇ ಒಂದು ಪಾಲು ಇದ್ದರೆ ಹೆಚ್ಚು, ಉಳಿದದ್ದು ಬಹುಪಾಲು ಸುಣ್ಣ. ಮೈಲುತುತ್ತ ಹಾಕಿ ಪಾಚಿ ಕೊಲ್ಲುವ ರೂಢಿಯನ್ನೂ ಬಿಡಿ. ನಮ್ಮ ಕ್ಷಾರದ ನೀರಿನಲ್ಲಿ ತಾಮ್ರ ತಳಕ್ಕೆ ಕೂತು ಹಸಿರು, ಕಪ್ಪು ಕಲೆಯಾಗುತ್ತದೆ, ಆಮೇಲೆ ಹೋಗುವುದು ಬಹಳ ಕಷ್ಟ.

ಪಾಚಿ ಬಂದಾಗ ಪಿಎಚ್ 8ರಲ್ಲಿ ಇಟ್ಟುಕೊಂಡು ಶಾಕ್ ಕೊಡುವುದು, ಅಂದರೆ ಒಮ್ಮೆಲೇ ಹೆಚ್ಚು ಕ್ಲೋರಿನ್ ಹಾಕುವುದು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸ್ಟೆಬಿಲೈಜರ್ ಇಲ್ಲದ ನೀರಿನಲ್ಲಿ ಪಿಎಚ್ 7.2 ಇದ್ದರೆ ಕ್ಲೋರಿನ್ನಿನ ಮೂರನೇ ಎರಡು ಪಾಲು ಕೊಲ್ಲುವ ರೂಪದಲ್ಲಿರುತ್ತದೆ, 8ರಲ್ಲಿ ಕಾಲು ಪಾಲು. ಮೊದಲು ಪಿಎಚ್ 7.2ಕ್ಕೆ ತನ್ನಿ. ಆಮೇಲೆ ಸ್ಟೆಬಿಲೈಜರಿನ 40 ಪರ್ಸೆಂಟಿನಷ್ಟು ಕ್ಲೋರಿನ್ ಏರಿಸಿ: 40 ಇದ್ದರೆ 16 ಪಿಪಿಎಂ, ಅಂದರೆ ದ್ರವ ಕ್ಲೋರಿನ್ ಆರೂವರೆ ಲೀಟರಿನಷ್ಟು. ಗೋಡೆ, ಮೆಟ್ಟಿಲ ಮೂಲೆ, ಏಣಿಯ ಹಿಂಬದಿ ಬ್ರಷ್ ಮಾಡಿ. ಇಳಿದಂತೆಲ್ಲ ಮತ್ತೆ 16ಕ್ಕೆ ತರುತ್ತಿರಿ, ಪಂಪ್ ನಿಲ್ಲಿಸಬೇಡಿ. ಫಿಲ್ಟರ್ ಒತ್ತಡ ಎಂದಿನದಕ್ಕಿಂತ 8, 10 ಪಿಎಸ್‌ಐ ಏರಿದಾಗ ನೀರನ್ನು ಹಿಮ್ಮುಖ ಹಾಯಿಸಿ ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್. ಮುಗಿಯಿತೆಂದು ಕಂಡುಕೊಳ್ಳುವುದು ಸುಲಭ. ಕತ್ತಲಾದ ಮೇಲೆ ಕ್ಲೋರಿನ್ ಅಳೆಯಿರಿ, ಬೆಳಗಿನ ಬಿಸಿಲು ಬೀಳುವ ಮೊದಲು ಇನ್ನೊಮ್ಮೆ. ರಾತ್ರಿ ಬಿಸಿಲಿಲ್ಲ, ಈಜಿದವರಿಲ್ಲ. ಆದರೂ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ನೀರಿನಲ್ಲಿ ಇನ್ನೂ ಜೀವ ಇದೆ. ಈಜಲು ಬಿಡುವುದು ಕ್ಲೋರಿನ್ 4ಕ್ಕೆ ಇಳಿದು, ತಳದ ಡ್ರೈನ್ ಜಾಲರಿ ದಂಡೆಯಿಂದ ನಿಚ್ಚಳವಾಗಿ ಕಂಡ ಮೇಲೆ.

ಹಸಿರೆಲ್ಲ ಪಾಚಿಯಲ್ಲ. ಹೊಸ ಟ್ಯಾಂಕರ್ ನೀರು ತುಂಬಿಸಿ ಕ್ಲೋರಿನ್ ಹಾಕಿದ ಅರ್ಧ ಗಂಟೆಗೆ ನೀರು ಹಸಿರೋ ಕಂದೋ ಆಗಿ, ಆದರೆ ತಿಳಿಯಾಗಿ, ಚಹಾ ಡಿಕಾಕ್ಷನ್ ಹಾಗೆ ಕಂಡರೆ ಅದು ಕಬ್ಬಿಣ. ಪಾಚಿಯಾದರೆ ನೀರು ಕದಡಿರುತ್ತದೆ, ಗೋಡೆ ಜಾರುತ್ತದೆ. ತುಂಬಿಸುವ ಮೊದಲೇ ಒಂದು ಬಿಳಿ ಬಕೆಟ್ ನೀರಿಗೆ ಅರ್ಧ ಚಮಚ ದ್ರವ ಕ್ಲೋರಿನ್ ಹಾಕಿ ಒಂದು ಗಂಟೆ ಬಿಟ್ಟು ನೋಡಿ. ತಳ ಕೆಂಪಗಾದರೆ ಆ ನೀರು ಕಬ್ಬಿಣ ತೆಗೆಯುವ ಫಿಲ್ಟರ್ ಹಾದು ಬರಲಿ, ಇಲ್ಲವೇ ಬೇರೆ ಬೋರಿನ ನೀರು ತರಿಸಿ.

ಜೀವಕ್ಕೆ ಸಂಬಂಧಿಸಿದ ಮಾತು

ಇದನ್ನು ಪೂಲ್ ನೋಡಿಕೊಳ್ಳುವ ಹುಡುಗನಿಗೂ, ಮನೆಯ ಪ್ರತಿಯೊಬ್ಬರಿಗೂ ಓದಿ ಹೇಳಿ. ಆ್ಯಸಿಡ್ ಮತ್ತು ಯಾವುದೇ ಕ್ಲೋರಿನ್ ಸೇರಿದರೆ ಆ ಕ್ಷಣವೇ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಪಂಪ್ ರೂಮ್ ನೆಲಮಟ್ಟದ ಕೆಳಗೆ, ಆಳೆತ್ತರದ ಗುಂಡಿಯಲ್ಲಿ, ಒಂದೇ ಕಬ್ಬಿಣದ ಮುಚ್ಚಳದ ಬಾಯಿಯೊಂದಿಗೆ ಇರುವುದೇ ಹೆಚ್ಚು. ಅಂಥ ಕಡೆ ಆ್ಯಸಿಡ್ ಕ್ಯಾನ್, ಕ್ಲೋರಿನ್ ಡಬ್ಬ ಯಾವುದನ್ನೂ ಇಡಲೇಬೇಡಿ. ಅನಿಲ ಎದ್ದರೆ ಒಳಗಿರುವವರು ಏಣಿ ಹತ್ತುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಆ್ಯಸಿಡ್ ಒಂದು ಕಡೆ, ಕ್ಲೋರಿನ್ ಇನ್ನೊಂದು ಕಡೆ, ಎರಡೂ ನೆಲದ ಮೇಲೆ, ಗಾಳಿಯಾಡುವ ನೆರಳಿನಲ್ಲಿ, ಬೀಗದೊಳಗೆ. ಯುಪಿಎಸ್ ಬ್ಯಾಟರಿ, ಪೆಟ್ರೋಲ್, ಬಣ್ಣದ ಡಬ್ಬಗಳ ಪಕ್ಕ ಬೇಡ.

ಕ್ಲೋರಿನ್ ಕ್ಲೋರಿನ್ ಬೆರೆತರೂ ಅಪಾಯವಿದೆ. ಟ್ರೈಕ್ಲೋರ್ ಬಿಲ್ಲೆಯ ಪುಡಿಯೂ ಕ್ಯಾಲ್ಸಿಯಂ ಹೈಪೋಕ್ಲೋರೈಟೂ ಸೇರಿ ತೇವ ತಾಗಿದರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಒಂದರ ಚಮಚ ಇನ್ನೊಂದಕ್ಕೆ ಬೇಡ. ಬಿಲ್ಲೆ ಇಡುತ್ತಿದ್ದ ಫೀಡರಿಗೆ ಹರಳು ಹಾಕಬೇಡಿ. ಆ್ಯಸಿಡ್‌ಗೊಂದು, ಕ್ಲೋರಿನ್ನಿಗೊಂದು ಬಕೆಟ್, ಬೇರೆ ಬೇರೆ ಬಣ್ಣದ್ದು, ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದದ್ದು.

ಬಕೆಟ್ಟಿಗೆ ಮೊದಲು ಮುಕ್ಕಾಲು ನೀರು, ಆಮೇಲೆ ಆ್ಯಸಿಡ್. ತಿರುವುಮುರುವು ಮಾಡಿದರೆ ಕುದಿದು ಮುಖಕ್ಕೆ ಎರಚುತ್ತದೆ. ಹರಳಿಗೂ ಇದೇ ನಿಯಮ. ಗಾಳಿ ಬೆನ್ನಿಗೆ ಬರುವ ಹಾಗೆ ನಿಲ್ಲಿ. ಪಕ್ಕ ಮುಚ್ಚಿದ ಕನ್ನಡಕ, ನೈಟ್ರೈಲ್ ಗ್ಲೌಸ್, ಕಾಲಿಗೆ ಬೂಟು. ಆ್ಯಸಿಡ್ ಹಾಕಿದ ಮೇಲೆ ಪಂಪ್ ಓಡುತ್ತಿದ್ದರೂ ಕ್ಲೋರಿನ್ ಹಾಕಲು ಒಂದು ಗಂಟೆಯಾದರೂ ಬಿಡಿ.

ತಾನಾಗಿಯೇ ಆ್ಯಸಿಡ್, ಕ್ಲೋರಿನ್ ಊಡುವ ಯಂತ್ರವಿದ್ದರೆ ಒಂದನ್ನು ಖಾತ್ರಿ ಮಾಡಿಕೊಳ್ಳಿ: ಮುಖ್ಯ ಪಂಪ್ ನಿಂತ ಕೂಡಲೇ ಎರಡೂ ಡೋಸಿಂಗ್ ಪಂಪುಗಳು ನಿಲ್ಲುತ್ತವೆಯೇ? ಕರೆಂಟ್ ಹೋಗಿ ಬರುವ ಊರಿದು. ನೀರಿನ ಹರಿವು ನಿಂತಾಗ ಯುಪಿಎಸ್ ಮೇಲೆ ಡೋಸಿಂಗ್ ಮುಂದುವರಿದರೆ ಎರಡೂ ಪೈಪಿನೊಳಗೇ ಬೆರೆಯುತ್ತವೆ. ಮತ್ತೆ ಪಂಪ್ ಶುರುವಾದಾಗ ಅನಿಲದ ಗುಳ್ಳೆ ಈಜುತ್ತಿರುವವರ ಮುಖದ ಮುಂದೆ ಏಳುತ್ತದೆ. ಕರೆಂಟ್ ಬಂದಾಗ ಎಲ್ಲರನ್ನೂ ಹೊರಗೆ ಕರೆದು ಐದು ನಿಮಿಷ ಪಂಪ್ ಓಡಿಸಿ, ಆಮೇಲೆ ಇಳಿಸಿ.

ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ರೆಪ್ಪೆ ತೆರೆದು ತೊಳೆಯಿರಿ, ಆಮೇಲೆ ಆಸ್ಪತ್ರೆ. ಅನಿಲ ಕುಡಿದವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಗುಂಡಿಯೊಳಗೆ ಬಿದ್ದವರನ್ನು ಎತ್ತಲು ಬರಿಗೈಲಿ ಹಿಂದೆಯೇ ಇಳಿಯಬೇಡಿ, ಎರಡನೆಯವರ ಪ್ರಾಣ ಹೋಗುವುದು ಹಾಗೆಯೇ.

ಆವಿ, ಮಳೆ, ನೀರು ಬದಲಿಸುವುದು

ಆವಿಯಾಗುವುದು ಬರೀ ನೀರು, ಕ್ಯಾಲ್ಸಿಯಂ ಹಿಂದೆಯೇ ಉಳಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಇಳಿಯಿತೆಂದರೆ ಈ ಪೂಲಿಗೆ ತಿಂಗಳಿಗೆ 4,800 ಲೀಟರ್ ತುಂಬಬೇಕು. ಆ ನೀರು 500 ಗಡಸಿನದಾದರೆ ಪೂಲಿನ ಗಡಸುತನ ತಿಂಗಳಿಗೆ 60 ಏರುತ್ತದೆ. ರಾತ್ರಿ ಹೊದಿಕೆ ಹಾಕಿದರೆ ಉಳಿಯುವುದು ನೀರಷ್ಟೇ ಅಲ್ಲ, ಆ್ಯಸಿಡ್ಡೂ ಉಳಿಯುತ್ತದೆ.

ಇದಕ್ಕೆ ಮದ್ದು ಆಕಾಶದಿಂದಲೇ ಬರುತ್ತದೆ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4,000 ಲೀಟರಿನಷ್ಟು ಕೈಗೆ ಸಿಗುತ್ತದೆ, ಅಂದರೆ ಪೂಲಿನ ಹತ್ತನೇ ಒಂದು ಪಾಲು. ಮಳೆಕೊಯ್ಲಿನ ಪೈಪು ಹೇಗೂ ಇದ್ದೀತು. ಮೊದಲ ಕೊಳೆ ನೀರು ಹೊರಬಿಟ್ಟು, ಫಿಲ್ಟರ್ ಹಾದ ಮೇಲೆ ಒಂದು ಕವಲು ಪೂಲಿಗೂ ಕೊಡಿ. ಸೆಪ್ಟೆಂಬರ್, ಅಕ್ಟೋಬರಿನ ಮಳೆಗಳಲ್ಲಿ ಹೀಗೆ ಮಾಡಿದರೆ ಒಂದೂ ಟ್ಯಾಂಕರ್ ಇಲ್ಲದೆ ಗಡಸುತನ ಇಳಿಯುತ್ತದೆ. ಮಳೆ ನಿಂತ ದಿನವೇ ಕ್ಲೋರಿನ್ ನೋಡಿ. ಗಾಳಿಗೆ ಬಿದ್ದ ಹೊಂಗೆಯ ಹೂವು, ಎಲೆ ಅದನ್ನು ಬೇಗ ತಿನ್ನುತ್ತವೆ. ಇಡೀ ಪೂಲನ್ನು ಮಳೆನೀರಿನಿಂದಲೇ ತುಂಬಿಸಿದವರಿಗೆ ಮಾತ್ರ ತದ್ವಿರುದ್ಧ ಚಿಂತೆ: ಆ ನೀರು ಗಾರೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಅವರು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿ ಗಡಸುತನವನ್ನು 200ಕ್ಕೆ ತರಬೇಕು, ಪ್ರತಿ 10 ಪಿಪಿಎಂಗೆ ಸುಮಾರು 590 ಗ್ರಾಂ.

ಸ್ಟೆಬಿಲೈಜರ್ 100 ದಾಟಿದರೆ ನೀರು ಬದಲಿಸುವುದೇ ದಾರಿ. ಆದರೆ ಮಳೆಗಾಲದಲ್ಲಿ ಪೂಲನ್ನು ಪೂರ್ತಿ ಖಾಲಿ ಮಾಡಬಾರದು. ಸುತ್ತಲಿನ ನೆಲದಲ್ಲಿ ನೀರು ತುಂಬಿರುತ್ತದೆ, ಖಾಲಿ ತೊಟ್ಟಿಯನ್ನು ಅದು ದೋಣಿಯ ಹಾಗೆ ಮೇಲೆತ್ತುತ್ತದೆ. ತಳ ಬಿರಿಯುತ್ತದೆ, ಪೈಪು ಕೀಳುತ್ತದೆ. ಹೊರಹಾಕುವ ನೀರಿನಲ್ಲಿ ಕ್ಲೋರಿನ್ ಸೊನ್ನೆ ಇರಬೇಕು. ಕೆಲವು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಅಳೆದು ನೋಡಿ ಬಿಡಿ. ಚರಂಡಿಯ ನೀರು ರಾಜಕಾಲುವೆ ಹಿಡಿದು ಯಾವುದೋ ಕೆರೆ ಸೇರುತ್ತದೆ, ಅಲ್ಲಿ ಮೀನುಗಳಿವೆ. ಒಂದು ಸಲಕ್ಕೆ ಮೂರನೇ ಒಂದು ಪಾಲು ಮಾತ್ರ ತೆಗೆದು ತುಂಬಿಸಿ, ಒಂದು ದಿನ ಪಂಪ್ ಓಡಿಸಿ, ಮತ್ತೆ ಅಳೆಯಿರಿ. ಸ್ಟೆಬಿಲೈಜರ್ 120 ಇದ್ದದ್ದು ಮೊದಲ ಸುತ್ತಿಗೆ 80, ಎರಡನೆಯದಕ್ಕೆ 53, ಮೂರನೆಯದಕ್ಕೆ 36.